ನಡುವೆ ನಿಲ್ಲದ ಚಿಕ್ಕಿ

ಹುಡುಗಿಗೆ ಪಾಠ ಬರುತ್ತಿರಲಿಲ್ಲ ಎಂಬುದು ಸುಳ್ಳು. ಪಾಠ ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ನಡೆದದ್ದು ಇಷ್ಟೇ. ಆಮೇಲೆ ನಮ್ಮ ಮಂದಿ ಇದಕ್ಕೆ ಏನೇನೋ ಹಚ್ಚಿದರು. ಹಾಸ್ಟೆಲಿನ ನೀರು ಒಗ್ಗಲಿಲ್ಲ ಎಂದರು, ಯಾರದೋ ಕಣ್ಣು ಬಿತ್ತು ಎಂದರು, ಇಂಗ್ಲಿಷ್ ಕಚ್ಚಾ ಎಂದರು. ಒಂದೂ ಅಲ್ಲ. ನಿಂತು ಮಾತಾಡಬೇಕಾದ ಕಡೆ ಮಾತು ಹೊರಡದೆ ಎದ್ದು ಬಂದಿದ್ದಳು.

ಅವಳು ನನ್ನ ಮಗಳ ಮಗಳು. ಊರು ಬಬಲೇಶ್ವರ, ಓದುವುದು ವಿಜಯಪುರದಲ್ಲಿ, ಎಂಎಸ್ಸಿ. ಭೌತಶಾಸ್ತ್ರ ಎನ್ನುತ್ತಾರೆ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ನನಗೆ ಆ ಹೆಸರು ಹೇಳಲು ಬಂದದ್ದೇ ದೊಡ್ಡದು. ಅವರಪ್ಪ ಕಳಿಸುವಾಗಲೇ ಮಾತು ಕಟ್ಟಿದ್ದ: ಒಮ್ಮೆ ಬಿಟ್ಟು ಬಂದರೆ ಮತ್ತೆ ಕಳಿಸುವುದಿಲ್ಲ. ಆಡಿದ್ದನ್ನು ಮಾಡುವ ಮನುಷ್ಯ. ಅದಕ್ಕೇ ಅವಳು ಬಬಲೇಶ್ವರದ ಬಸ್ಸು ಹತ್ತದೆ ತಿಕೋಟಾಕ್ಕೆ ನನ್ನ ಹತ್ತಿರ ಬಂದಳು.

ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಹಾಸಿಗೆ ಸುರುಳಿ, ಹೆಗಲಿಗೆ ಚೀಲ, ಮೊಣಕೈಗೆ ಒಂದು ನೀಲಿ ಬಕೆಟ್ಟು. ರಜೆಗೆ ಬರುವವರು ಬಕೆಟ್ಟು ತರುವುದಿಲ್ಲ.

"ಬಕೆಟ್ ಯಾಕ ತಂದಿ?" ಎಂದೆ.

"ಮತ್ತ ಹೋಗಂಗಿಲ್ಲ ಆಯಿ."

"ಉಂಡಿ ಏನು?"

"ಹಸಿವಿಲ್ಲ."

"ಹಸಿವಿಲ್ಲಂದ್ರ ಶೆಡ್ಡಿಗೆ ನಡಿ. ಆಳು ಕಡಿಮಿ ಅದಾವ. ಆ ಬಕೆಟ್ನೂ ತಗೋ."

ದ್ರಾಕ್ಷಿ ಸುಗ್ಗಿ ಅದು. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಎನ್ನುತ್ತೇವೆ. ಹಣ್ಣನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಉದ್ದನೆಯ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ, ಗಾಳಿಗೆ ಒಣಗಿಸಬೇಕು. ಬಿಸಿಲಿಗಲ್ಲ, ಗಾಳಿಗೆ. ಶೆಡ್ಡು ಕಟ್ಟುವ ಮೊದಲು ನಮ್ಮವರು ಕೇಳುವುದು ಒಂದೇ, ಗಾಳಿ ಯಾವ ದಿಕ್ಕಿನದು ಎಂದು. ಹಣ್ಣು ಕಪ್ಪಾದರೆ ಗಾಳಿ, ಜಿಗುಟಾದರೆ ಗಾಳಿ, ಆಳು ಬರದಿದ್ದರೂ ಗಾಳಿ ಎನ್ನುವಷ್ಟು ಅದು ನಮ್ಮ ತಲೆಯಲ್ಲಿ ಕೂತಿದೆ. ಈ ಮಾತು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಶೆಡ್ಡಿನಲ್ಲಿ ನನ್ನ ಜೋಡಿ ದುಡಿಯುವವಳು ನಮ್ಮ ಪಕ್ಕದ ಮನೆಯ ಮುಸಲ್ಮಾನರ ಹೆಣ್ಣುಮಗಳು. ಅವಳು ನನಗೆ ಅಕ್ಕಾ ಎನ್ನುತ್ತಾಳೆ, ನಾನು ಅವಳಿಗೆ ಆಪಾ ಎನ್ನುತ್ತೇನೆ. ಇಬ್ಬರಲ್ಲಿ ಯಾರು ಹಿರಿಯರು ಎಂಬುದನ್ನು ಇಬ್ಬರೂ ಬಗೆಹರಿಸಿಲ್ಲ.

ಹಣ್ಣು ಅದ್ದುತ್ತ ಕೂತಾಗ ಹುಡುಗಿ ನಡೆದದ್ದು ಹೇಳಿದಳು. ಅವರ ಮೇಡಮ್ಮಿನದು ಒಂದು ಪದ್ಧತಿ. ಪಿಯುಸಿ ಹುಡುಗಿಯರನ್ನು ಕರೆಸಿ ಕೂರಿಸುತ್ತಾರೆ. ಎಂಎಸ್ಸಿಯವರು ಅವರಿಗೆ ಒಂದು ವಿಷಯ ಕನ್ನಡದಲ್ಲಿ ತಿಳಿಸಬೇಕು. ಬೋರ್ಡಿನ ಮೇಲೆ ಸೂತ್ರ ಬರೆಯುವಂತಿಲ್ಲ. ಇವಳು ನಿಂತಳಂತೆ, ಆಕಾಶದ ಒಂದು ಚಿಕ್ಕಿಯ, ಅಂದರೆ ನಕ್ಷತ್ರದ, ಚಿತ್ರ ತೋರಿಸಿದಳಂತೆ. ಒಂದು ಹುಡುಗಿ ಎದ್ದು, ಅಕ್ಕಾ, ಚಿಕ್ಕಿ ನಡುವೆ ಯಾಕಿಲ್ಲ ಎಂದು ಕೇಳಿತಂತೆ. ಇವಳು ಸುಣ್ಣದ ಕಡ್ಡಿ ತಗೊಂಡು ಬೋರ್ಡಿನ ಕಡೆ ತಿರುಗಿದಳು. ಮೇಡಮ್ಮು, ಬರೀಬೇಡ, ಹೇಳು ಎಂದರು. ಅಷ್ಟೇ, ಕಡ್ಡಿ ಕೈಯಲ್ಲೇ ಉಳಿಯಿತು, ಮಾತು ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇವಳು ಹೊರಗೆ ನಡೆದಳು.

"ಮುಂದಿನ ಸೋಮವಾರ ಮತ್ತ ನಿಂದ್ರು ಅಂದಾರ. ನಾ ನಿಂದ್ರಂಗಿಲ್ಲ," ಎಂದಳು.

"ಅದೇನ ಚಿತ್ರ, ನಮಗೂ ತೋರಸು," ಎಂದಳು ಆಪಾ.

ಮೊಬೈಲಿನಲ್ಲಿ ತೋರಿಸಿದಳು. ಕರಿ ಬಣ್ಣದ ಮೇಲೆ ಒಂದು ದುಂಡನೆಯ ಹೊಳಪು. ಒಂದು ಬದಿ ಉಬ್ಬಿ ಒಂದು ಬದಿ ಕೂತ ರೊಟ್ಟಿಯ ಹಾಗೆ. ಒಂದು ಅಂಚು ಬಳೆಯಂತೆ ಮಿರಿಮಿರಿ ಮಿಂಚುತ್ತಿತ್ತು, ಇನ್ನೊಂದು ಕಡೆ ಮಸಕು ಮಸಕಾಗಿ ಎಳೆದು ಹೋಗಿತ್ತು. ಒಳಗೆ ಒಂದು ಬಿಳಿ ಚುಕ್ಕೆ. ಅದೇ ಚಿಕ್ಕಿಯಂತೆ. ನಡುವೆ ಇರಲಿಲ್ಲ, ಮಿಂಚುವ ಅಂಚಿನ ಕಡೆ ಸರಿದು ಕೂತಿತ್ತು.

ನಮ್ಮ ಸೂರ್ಯನಂಥ ಚಿಕ್ಕಿ ಮುದಿಯಾದ ಮೇಲೆ ಉಬ್ಬುತ್ತದಂತೆ. ಆಮೇಲೆ ಮೈಮೇಲಿನ ಅನಿಲವನ್ನು ಹೊರಗೆ ಬಿಡುತ್ತದೆ. ಸಿಡಿಯುವುದಿಲ್ಲ, ಮೆಲ್ಲಗೆ ಕಳಚುತ್ತದೆ. ಒಳಗೆ ಉಳಿದ ಬಿಸಿ ಗಟ್ಟಿಯ ಬೆಳಕಿಗೆ ಕಳಚಿದ ಚಿಪ್ಪು ಹೊಳೆಯುತ್ತದೆ. ಅದರ ಹೆಸರು ಗ್ರಹ ನೀಹಾರಿಕೆ.

"ಗ್ರಹ ಅಂದ್ರ ಶನಿಕಾಟ ಏನ ಮತ್ತ?" ಎಂದಳು ಆಪಾ.

"ಇಲ್ರಿ ಆಪಾ. ಗ್ರಹಕ್ಕೂ ಅದಕ್ಕೂ ಸಂಬಂಧನ ಇಲ್ಲ. ಹಿಂದಿನವರು ಸಣ್ಣ ದುರ್ಬೀನಿನ್ಯಾಗ ನೋಡಿದಾಗ ದುಂಡಗ ಗ್ರಹದಂಗ ಕಂಡಿತ್ತು. ತಪ್ಪು ಅಂತ ಗೊತ್ತಾದ್ರೂ ಹೆಸರು ಉಳಕೊಂತು."

ಅದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಓಣಿಯ ಹೊಸ ಬಾವಿ ನಮ್ಮ ಮಾವನ ಅಜ್ಜನ ಕಾಲದ್ದು.

ನಾನು ಚಿತ್ರ ಇನ್ನೊಮ್ಮೆ ನೋಡಿ, "ಇದರಾಗ ಕೇಳೂದು ಏನೈತಿ? ಗಾಳಿ ಬಡದೈತಿ. ಗಾಳಿ ಬಡದು ಚಿಪ್ಪು ಒಂದ ಕಡಿ ಜಗ್ಗೇತಿ," ಎಂದೆ.

"ಅಲ್ಲಿ ಗಾಳಿ ಇಲ್ಲ ಆಯಿ."

"ಮತ್ತ ಯಾಕ ಜಗ್ಗೇತಿ?"

ಹುಡುಗಿ ಬಗ್ಗಿ ಹಸಿ ನೆಲದ ಮೇಲೆ ಬೆರಳಿನಿಂದ ಏನೋ ಅಕ್ಷರ, ಏನೋ ಗೆರೆ ಬರೆಯತೊಡಗಿದಳು.

"ಇದು ನಂಗ ಬರಂಗಿಲ್ಲ. ಬಾಯಿಲೆ ಹೇಳು," ಎಂದೆ.

ಬೆರಳು ನಿಂತಿತು. "ಮೇಡಮ್ಮೂ ಇದನ್ನ ಅಂದ್ರು," ಎಂದು ಎದ್ದು ಹೋಗಿ ಬಲೆಗಳ ಹಿಂದೆ ಕೂತು ಅತ್ತಳು. ನಾನು ಹೋಗಲಿಲ್ಲ. ಕಣ್ಣೊರೆಸುವುದು ನನಗೆ ಬರುವುದಿಲ್ಲ, ಕೈ ತುಂಬ ಎಣ್ಣೆಯೂ ಇತ್ತು.

ಸಂಜೆ ಬಬಲೇಶ್ವರದಿಂದ ಮಗಳ ಫೋನು. ಯಾರೋ ಬಸ್ಸಿನಲ್ಲಿ ಹುಡುಗಿಯನ್ನು ನೋಡಿದ್ದರಂತೆ.

"ನಾನ ಕರಸೀನಿ. ಮಣೂಕದ ಕೆಲಸ ಬಾಳ ಐತಿ," ಎಂದೆ.

"ಎಷ್ಟ ದಿನಾ? ಇವರು ಕೇಳಾಕತ್ತಾರ."

"ಸೋಮವಾರ ಹೋಗತಾಳ. ನಿನ್ನ ಗಂಡಗ ಹೇಳು, ಅತ್ತಿ ಮನಿ ಕೆಲಸಕ್ಕ ಅವನೂ ಬರಬೇಕಂದ್ರ ಬರ್ಲಿ."

ಅವನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಸೋಮವಾರ ಎಂಬ ಮಾತು ಹುಡುಗಿಯ ಕಿವಿಗೆ ಬಿದ್ದಿತ್ತು.

ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇದೆ. ಹೊಸ ಹಣ್ಣು ಬಲೆಗೆ ಬಿದ್ದ ಮಾರನೆಯ ದಿನ ನಾಲ್ಕೂ ಕಡೆ ಹಸಿರು ಪರದೆ ಬಿಟ್ಟು, ಸಾಲುಗಳ ನಡುವೆ ಲೋಬಾನದ ಹೊಗೆ ಹಿಡಿದು ಒಂದು ಸುತ್ತು ಬರುತ್ತೇವೆ. ಹುಳ ಬರಬಾರದು ಎಂದು ಆಪಾ, ದೃಷ್ಟಿ ತಾಗಬಾರದು ಎಂದು ನಾನು. ಹೊಗೆ ಮಾತ್ರ ಒಂದೇ. ಯಾವಾಗಲೂ ಅವಳೇ ಹಿಡಿಯುವವಳು, ಆ ದಿನ ಮೊಣಕಾಲು ನೋವೆಂದು ಕೂತಳು. ಕೆಂಡದ ಬಾಣಲೆ ನನ್ನ ಕೈಗೆ ಬಂತು. ಹುಡುಗಿ ಶೆಡ್ಡಿನ ಆ ತುದಿಯಲ್ಲಿ ಬಕೆಟ್ಟಿನ ಹತ್ತಿರ ನಿಂತಿದ್ದಳು.

ನಾನು ನಡೆದೆ. ಹೊಗೆ ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು.

"ನೋಡು, ಗಾಳಿ. ನಿನ್ನ ಚಿತ್ರದಾಗಿಂದು ಹಿಂಗ ಆಗೇತಿ," ಎಂದೆ.

"ಪರದೆ ಬಿಟ್ಟೀವಲ್ಲ ಆಯಿ. ಗಾಳಿ ಎಲ್ಲಿಂದ ಬಂತು?"

"ಸಂದ್ಯಾಗಿಂದ ಬಂದಿರಬೇಕು."

"ಹೊಳ್ಳಿ ನಡಿ."

ಹೊರಳಿ ನಡೆದೆ. ಹೊಗೆ ಈಗ ಆ ಕಡೆಗೆ ಹೋಯಿತು. ಮತ್ತೆ ನನ್ನ ಹಿಂದಕ್ಕೇ.

"ಗಾಳಿ ತಿರುಗೇತಿ," ಎಂದೆ.

ಆಪಾ ಕೂತಲ್ಲಿಂದಲೇ ನಕ್ಕಳು. "ಅಕ್ಕಾ, ಗಾಳಿ ಏನ ನಿನ್ನ ಮನಿ ಸೊಸಿ ಏನು, ನೀ ತಿರುಗಿದಂಗ ತಿರುಗಾಕ?"

"ಅಲ್ಲೇ ನಿಂದ್ರು," ಎಂದಳು ಹುಡುಗಿ. ನಿಂತೆ. ಹೊಗೆ ನೆಟ್ಟಗೆ ಎದ್ದು ನನ್ನ ಸುತ್ತಲೂ ಹರಡಿತು. "ಈಗ ನಡಿ." ನಡೆದೆ. ಮತ್ತೆ ಹಿಂದಕ್ಕೆ.

ಹುಡುಗಿ ನನ್ನ ಹತ್ತಿರ ಬಂದಳು. ಅವಳ ಮುಖ ಬೇರೆಯಾಗಿತ್ತು. "ಗಾಳಿ ಬೀಸಾಕತ್ತಿಲ್ಲ ಬೇ. ನೀ ನಡ್ಯಾಕತ್ತಿ. ಇಲ್ಲಿ ಗಾಳಿ ಸುಮ್ನ ನಿಂತೈತಿ, ನೀ ಅದರಾಗ ಹಾಯ್ದು ಹೊಂಟಿ. ಅದಕ್ಕ ಹೊಗಿ ಹಿಂದ ಉಳೀತು. ಚಿಕ್ಕಿನೂ ಹಂಗ. ನಾವು ನಿಂತೈತಿ ಅನಕೋತೀವಿ, ಅದು ಜೋರ ಓಡತಿರತೈತಿ. ಚಿಕ್ಕಿ ಚಿಕ್ಕಿ ನಡುವ ಬರೇ ಖಾಲಿ ಇಲ್ಲ, ತೆಳ್ಳನ್ನ ಅನಿಲ ಐತಿ. ಅದು ನಿಂತ ಗಾಳಿ ಇದ್ದಂಗ. ಚಿಪ್ಪು ಅದರಾಗ ಹಾಯ್ದು ಹೋಗುವಾಗ ಹಿಂದ ಬಾಲ ಉಳೀತೈತಿ."

ಒಂದೇ ಉಸಿರಿಗೆ ಇಷ್ಟು ಹೇಳಿದಳು. ಹೇಳಿದ ಮೇಲೆ ತಾನೇ ಬೆರಗಾದಳು.

ನಾನು ಬಿಡಬೇಕಲ್ಲ. "ಬಾಲದ್ದು ಆತು. ಮುಂದಿನ ಅಂಚು ಮಿಂಚತೈತಲ್ಲ, ಅದು? ನನ್ನ ಮುಂದ ಹೊಗಿನ ಇಲ್ಲ."

ಅವಳು ಬಾಣಲೆ ನೋಡಿದಳು, ನನ್ನನ್ನು ನೋಡಿದಳು. "ಹೊಗಿ ಬಾಲ ಅಷ್ಟ ತೋರಸ್ತೈತಿ," ಎಂದು ಬಕೆಟ್ಟಿನ ಕಡೆ ಹೊರಳಿದಳು. ಆದರೆ ಈ ಸಲ ಅಳಲಿಲ್ಲ. ಮಧ್ಯಾಹ್ನ ರೊಟ್ಟಿ ಮುರಿಯುತ್ತ ಬಾಯಲ್ಲಿ ತನ್ನಷ್ಟಕ್ಕೆ ಏನೋ ಅನ್ನುತ್ತಿದ್ದಳು, ನಾನು ಕೇಳುವ ಮೊದಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ರವಿವಾರ ಶೆಡ್ಡಿನ ಇನ್ನೊಂದು ಬದಿಯ ಹಣ್ಣು ಒಣಗಿ ತಯಾರಾಗಿತ್ತು. ಬಲೆ ಜಾಡಿಸಿದರೆ ಮಣೂಕ ಕೆಳಗೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಉದುರುತ್ತದೆ. ಉದ್ದ ಹಿಡಿಕೆಯ ಹಲಗೆಯಿಂದ ಅದನ್ನು ನೂಕಿ ಒಂದು ಕಡೆ ಗುಡ್ಡೆ ಹಾಕಬೇಕು. ಆ ಕೆಲಸ ಹುಡುಗಿಗೆ ಕೊಟ್ಟೆ. ಎರಡೂ ಕೈ ಮುಂದೆ ಚಾಚಿ ನೂಕುತ್ತ ಹೊರಟಳು. ಮೊದಲಿಗೆ ಹಲಗೆ ಸರಸರ ಹೋಗುತ್ತದೆ, ಹೋದಂತೆ ಮುಂದೆ ಮಣೂಕ ಕೂಡಿ ಭಾರವಾಗುತ್ತದೆ. ಗೊತ್ತಿಲ್ಲದವರು ಅಲ್ಲಿಯೇ ಮುಗ್ಗರಿಸುತ್ತಾರೆ. ಇವಳೂ ಹಾಗೇ ಮಾಡಿದಳು. ಹಲಗೆ ತಡೆಯಿತು, ಕಾಲು ತಡೆಯಲಿಲ್ಲ. ಮೊಣಕೈ ಮಡಚಿ, ಹಿಡಿಕೆ ಹೊಟ್ಟೆಗೆ ಬಡಿದು, ಗುಡ್ಡೆಯ ಮೇಲೆ ಬಾಗಿದಳು.

"ಕಣ್ಣ ಎಲ್ಲಿ ಅದಾವ? ಮಣೂಕ ತುಳೀಬ್ಯಾಡ," ಎಂದೆ.

ಅವಳು ಕದಲಲಿಲ್ಲ. ಗುಡ್ಡೆ ನೋಡುತ್ತಲೇ ಇದ್ದಳು. ಆಮೇಲೆ ಹಲಗೆ ಎತ್ತಿಕೊಂಡು ಹೋಗಿ ಇನ್ನೊಂದು ಸಾಲಿನಲ್ಲಿ ಬೇಕೆಂದೇ ಹಾಗೆಯೇ ನೂಕಿದಳು. ಮತ್ತೆ ಹಿಡಿಕೆ ಹೊಟ್ಟೆಗೆ ಬಡಿಯಿತು.

"ಹೊಟ್ಟಿನೋವು ಬರತೈತಿ ಕೂಸ," ಎಂದಳು ಆಪಾ.

"ಆಪಾ, ಆಯಿ, ಇಲ್ಲಿ ನೋಡ್ರಿ. ನಾ ಚಿಕ್ಕಿ. ಹಲಗಿ ನನ್ನ ಚಿಪ್ಪಿನ ಮುಂದಿನ ಅಂಚು. ಮೊದಲ ನನ್ನಿಂದ ದೂರ ಇತ್ತು, ತೋಳ ಚಾಚಿದಷ್ಟು. ಹೋಗಕೋಂತ ದಾರ್ಯಾಗಿನ ಅನಿಲ ಎಲ್ಲಾ ಗುಡಿಸಿ ಮುಂದ ಹಾಕೊಂತು. ಭಾರ ಆತು, ಸಾವಕಾಶ ಆತು. ಅಲ್ಲಿ ದಟ್ಟ ಆಗಿದ್ದಕ್ಕ ಹೊಳಪು ಜಾಸ್ತಿ. ಆದ್ರ ಚಿಕ್ಕಿ ಗಟ್ಟಿ, ಅದನ್ನ ಆ ತೆಳು ಅನಿಲ ತಡಿಯಾಂಗಿಲ್ಲ. ಅದು ತನ್ನ ಓಟದಾಗ ಬಂದ ಬಿಡತೈತಿ, ಮುಂದಿನ ಅಂಚಿನ ಸಮೀಪ. ಅದಕ್ಕ ನಡುವ ಇಲ್ಲ."

ನಾನು ಯೋಚಿಸಿದೆ. ಸರಿ ಕಂಡಿತು. ಆದರೂ ಒಂದು ಉಳಿದಿತ್ತು. "ಇಲ್ಲಿ ಮಣೂಕ ಐತಿ, ಗುಡ್ಡಿ ಬಿತ್ತು. ಅಲ್ಲಿ ತೆಳ್ಳನ್ನ ಅನಿಲ ಅಂತಿ. ಅದು ಎಷ್ಟ ಕೂಡೀತು?"

"ಈ ಶೆಡ್ಡಿಗೆ ಒಂದ ಮಣೂಕ ಬಿದ್ದಂಗ ಅನಕೋ, ಅದಕ್ಕಿಂತಾನೂ ವಿರಳ. ಆದ್ರ ಅದು ಸಾವಿರಾರು ವರ್ಷ ಗುಡಸ್ತೈತಿ."

"ನಾ ಮದುವಿ ಆದಾಗಿಂದ ಗುಡಸಾಕತ್ತೇನಿ," ಎಂದಳು ಆಪಾ, "ಸಾವಿರಾರು ವರ್ಷಕ್ಕ ಎಷ್ಟರ ಕೂಡತೈತಿ ನಂಗ ಹೇಳಬ್ಯಾಡ್ರಿ."

ಆ ಚಿಪ್ಪಿಗೆ ಕಡೆಗೆ ಏನಾಗುತ್ತದೆ ಎಂದು ಕೇಳಿದೆ. ಚಿಪ್ಪು ನಿಂತುಬಿಡುತ್ತದಂತೆ, ಹರಿದು ಚೂರಾಗುತ್ತದೆ, ಆ ತೆಳು ಅನಿಲದೊಳಗೆ ಬೆರೆತು ಹೋಗುತ್ತದೆ. ಚಿಕ್ಕಿ ಅದನ್ನು ಹಿಂದೆ ಬಿಟ್ಟು ಹೊರಟು ಹೋಗುತ್ತದೆ, ಆರುತ್ತ ಆರುತ್ತ.

"ಬೆರೆತದ್ದು?"

"ಅದೆಲ್ಲಾ ಅಲ್ಲೇ ಇರತೈತಿ. ಯಾವಾಗರ ಮತ್ತ ಒಟ್ಟುಗೂಡಿ ಹೊಸ ಚಿಕ್ಕಿ ಆಗತಾವ. ನಮ್ಮ ಸೂರ್ಯನೂ ಹಂಗ ಹಿಂದಿನವು ಬಿಟ್ಟ ಹೋಗಿದ್ದರಾಗ ಹುಟ್ಟಿದ್ದು."

"ಹಂಗಾದ್ರ ಇದು ಬರೇ ಸತ್ತ ಸುದ್ದಿ ಅಲ್ಲ. ನೀ ಯಾಕ ಸೂತಕದ ಮಾರಿ ಮಾಡಕೊಂಡು ಹೇಳತಿ? ಇದನ್ನೂ ಹೇಳು ಆ ಹುಡುಗ್ಯಾರಿಗೆ."

ಸಂಜೆ ಅವಳು ಹಲಗೆಯನ್ನು ತೊಳೆದು ಗಾಳಿಗೆ ಇಟ್ಟಳು.

ಸೋಮವಾರ ನನಗೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬಲೆ ಕಟ್ಟುವ ಕಬ್ಬಿಣದ ಕೊಂಡಿಗೆ ವೆಲ್ಡಿಂಗ್ ಮಾಡಿಸುವುದಿತ್ತು. ಅದು ಇನ್ನೊಂದು ವಾರ ತಡೆಯುತ್ತಿತ್ತು, ಆದರೂ ಹೊರಟೆ. ಹುಡುಗಿ ಹಲಗೆ, ತಾಡಪತ್ರಿಯ ತುಂಡು, ಒಂದು ಚೀಲ ಮಣೂಕ ಹಿಡಿದು ಬಸ್ಸು ಹತ್ತಿದಳು.

"ಏನವ್ವಾ, ಹಲಗಿಗೂ ಟಿಕೇಟ ತಗಿಯೂದ?" ಎಂದ ಕಂಡಕ್ಟರು.

"ಅದು ನನ್ನ ತೊಡಿ ಮ್ಯಾಲ ಕೂತೈತಿ. ತೊಡಿ ಮ್ಯಾಲಿನ ಕೂಸಿಗೆ ಟಿಕೇಟ ಇಲ್ಲ," ಎಂದೆ. ನಕ್ಕು ಮುಂದೆ ಹೋದ.

ಬಸ್ಸಿಳಿದು ಕಾಲೇಜಿನ ಬಾಗಿಲಿಗೆ ಬಂದಾಗ ಹುಡುಗಿ ನನ್ನ ಸೆರಗು ಹಿಡಿದಳು. "ಆಯಿ, ಒಳಗ ಬಾ. ಮುಂದ ಕುಂದ್ರು. ನಂಬಿಕಿ ಇಲ್ಲದವರಂಗ ಮಾರಿ ಮಾಡು."

ನನ್ನ ಮುಖ ಹುಟ್ಟಿದಾಗಿನಿಂದ ಹಾಗೇ ಇದೆ. ಹೋಗಿ ಕೂತೆ.

ದೊಡ್ಡ ಕೋಣೆ, ತುಂಬ ಹುಡುಗಿಯರು. ಮೇಡಮ್ಮು ನನಗೆ ನಮಸ್ಕಾರ ಮಾಡಿ ಬದಿಗೆ ಕೂತರು. ಮೊಮ್ಮಗಳು ಎದ್ದು ನಿಂತಳು. ಗೋಡೆಯ ಮೇಲೆ ಅದೇ ಚಿತ್ರ ಬಿತ್ತು, ನಮ್ಮ ಶೆಡ್ಡಿನ ಬಾಗಿಲಷ್ಟು ದೊಡ್ಡದಾಗಿ. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಹಿಂದೆ ಯಾರೋ ಕುರ್ಚಿ ಸರಿಸಿದರು. ಬಬಲೇಶ್ವರದ ಮನೆ, ಅವಳಪ್ಪನ ಮಾತು, ನನ್ನ ಮನೆಯ ಮೂಲೆಯಲ್ಲಿದ್ದ ಆ ಹಾಸಿಗೆ ಸುರುಳಿ, ಎಲ್ಲ ನನ್ನ ಕಣ್ಣಿಗೆ ಬಂತು.

ನಾನು ಚಿತ್ರದ ಕಡೆ ನೋಡಿದೆ. ಇಲ್ಲಿ ಒಂದು ಮಾತು ಹೇಳಬೇಕು. ಅವಳಿಗೆ ನೆರವಾಗಲೆಂದು ನಾನು ಆಗ ಬಾಯಿ ಹಾಕಿದೆ ಎಂದು ಆಪಾ ಇವತ್ತಿಗೂ ಹೇಳುತ್ತಾಳೆ. ಅಲ್ಲ. ಅಷ್ಟು ದೊಡ್ಡದಾಗಿ ನೋಡಿದಾಗ ನನಗೆ ಮತ್ತೆ ಹಾಗೇ ಕಂಡಿತು, ಬಾಯಿಗೆ ಬಂತು.

"ಏನ ಹೇಳಿದ್ರೂ ಇದಕ್ಕ ಗಾಳಿ ಬಡದೈತಿ," ಎಂದೆ.

ಹುಡುಗಿಯರು ಗೊಳ್ಳೆಂದು ನಕ್ಕರು. ಮೊಮ್ಮಗಳು ನನ್ನ ಕಡೆ ತಿರುಗಿ, "ಅಲ್ಲ ಆಯಿ, ಎಷ್ಟ ಸಲ ಹೇಳಬೇಕು ನಿಂಗ," ಎಂದಳು. ಜೋರಾಗಿಯೇ ಅಂದಳು, ಸಿಟ್ಟಿನಿಂದ. ಮಾತು ಹೊರಟಿತಲ್ಲ, ಮುಂದೆ ನಿಲ್ಲಲಿಲ್ಲ. ಲೋಬಾನದ ಹೊಗೆ ಹೇಳಿದಳು, ಪರದೆ ಹೇಳಿದಳು, ನಾನು ಗಾಳಿ ತಿರುಗೇತಿ ಎಂದದ್ದನ್ನೂ ಬಿಡಲಿಲ್ಲ. ತಾಡಪತ್ರಿ ಹಾಸಿ, ಮಣೂಕ ಹರವಿ, ಒಂದು ಹುಡುಗಿಯ ಕೈಗೆ ಹಲಗೆ ಕೊಟ್ಟಳು. ಆ ಹುಡುಗಿಯೂ ಹೋಗಿ ಗುಡ್ಡೆಗೆ ತಡೆದು ಬಾಗಿದಳು. "ನೀನ ಈಗ ಚಿಕ್ಕಿ. ನಡುವ ಅದೀ ಏನು?" ಎಂದು ಮೊಮ್ಮಗಳು ಕೇಳಿದಳು. ಆ ಹುಡುಗಿ ತನ್ನ ಹೊಟ್ಟೆ ನೋಡಿಕೊಂಡು, ಇಲ್ರಿ ಅಕ್ಕಾ ಎಂದಿತು. ಹೊಸ ಚಿಕ್ಕಿಗಳ ಮಾತನ್ನು ಕಡೆಗೆ ಹೇಳಿದಳು, ಸೂತಕದ ಮುಖ ಮಾಡದೆ.

ಮುಗಿದ ಮೇಲೆ ಒಬ್ಬಳು ಎದ್ದಳು. "ಚಿಕ್ಕಿ ಚಿಪ್ಪು ಬಿಟ್ಟು ಹೊರಗ ಹೋಗಾಕ ಎಷ್ಟ ಕಾಲ ಬೇಕ್ರಿ?"

ಮೊಮ್ಮಗಳು ಗೋಡೆಯ ಚಿತ್ರದ ಕಡೆ ತಿರುಗಿದಳು.

"ಒಂದೊಂದರದು ಒಂದೊಂದು. ಎಷ್ಟ ಜೋರ ಓಡತೈತಿ, ಸುತ್ತಲಿನ ಅನಿಲ ಎಷ್ಟ ದಟ್ಟ ಐತಿ, ಅದರ ಮ್ಯಾಲ ಹೋಗತೈತಿ. ಈ ಚಿತ್ರದಾಗಿಂದು ನಂಗ ಗೊತ್ತಿಲ್ಲ."

"ಬರೋ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಲೆಕ್ಕ ಹಾಕು. ನಾನು ಜೊತೆಗಿರ್ತೀನಿ," ಎಂದರು ಮೇಡಮ್ಮು.

ಹುಡುಗಿಯರು ನೆಲದ ಮಣೂಕ ಆರಿಸಿ ತಿನ್ನತೊಡಗಿದ್ದರು. ಬೇಡ ಎಂದು ಗದರಿಸಿ, ಚೀಲದಲ್ಲಿ ಉಳಿದದ್ದನ್ನು ಹಂಚಿದೆ. ಆಮೇಲೆ ಸೊಲ್ಲಾಪುರ ರಸ್ತೆಗೆ ಹೋಗಿ ಕೊಂಡಿ ಮಾಡಿಸಿಕೊಂಡು ಇಬ್ಬರೂ ತಿಕೋಟಾಕ್ಕೆ ಮರಳಿದೆವು. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ಕೈ ಚಾಚಿದಳು, ಗಾಳಿ ಬೆರಳ ಸಂದಿಯಲ್ಲಿ ಹಾಯುತ್ತಿತ್ತು. ಒಳಗೆ ತಗೋ ಎಂದೆ. ಹಾಸ್ಟೆಲಿಗೆ ಹೋಗುವ ಮಾತು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನಲು ದಾರಿ ಮಾಡಿಕೊಟ್ಟ ಹಾಗೆ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಶೆಡ್ಡಿಗೆ ಹೋಗಿ ನೀಲಿ ಬಕೆಟ್ಟು ತಂದೆ. ಎಣ್ಣೆಯ ಜಿಡ್ಡು ಹತ್ತಿತ್ತು, ಬೂದಿ ಹಾಕಿ ತಿಕ್ಕಿ ತೊಳೆದೆ. ತಳಕ್ಕೆ ಒಂದಿಷ್ಟು ಮಣೂಕ ಕಟ್ಟಿಟ್ಟೆ. ಅವಳನ್ನು ಎಬ್ಬಿಸಿ, ಅವಳ ಅಡಿಯಿಂದ ಹಾಸಿಗೆ ಎಳೆದು ಸುರುಳಿ ಸುತ್ತಿ, ಎರಡನ್ನೂ ರಸ್ತೆಗೆ ಒಯ್ದು ವಿಜಯಪುರದ ಬಸ್ಸು ನಿಲ್ಲುವಲ್ಲಿ ಇಟ್ಟೆ.